ಎಂಜಾಯ್‌ಮೆಂಟಿನ ಧರ್ಮದರ್ಶನ

ಹಾಸನಾಂಬೆಯ ದರ್ಶನಕ್ಕೆ 1,000 ರೂಪಾಯಿಯ ಸಾಲು, 300 ರೂಪಾಯಿಯ ಸಾಲು ಮತ್ತು ಏನೂ ಕೊಡಬೇಕಿಲ್ಲದ ಧರ್ಮದರ್ಶನದ ಸಾಲು ಎಂದು ಮೂರು ದಾರಿಗಳಿರುವುದನ್ನು ಬಲ್ಲವರಿಗೆ ಥೀಮ್ ಪಾರ್ಕಿನ ಆಡಳಿತವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯೂ ಉಕ್ಕಿನ ಕಂಬಿಗಳ ನಡುವೆ ಹಾವಿನಂತೆ ಸುತ್ತುವ ಸಾಲಿದೆ, ಇಲ್ಲಿಯೂ ಕೊನೆಗೆ ದೊರೆಯುವ ದರ್ಶನ ಎರಡು ನಿಮಿಷ ಮೀರುವುದಿಲ್ಲ, ಇಲ್ಲಿಯೂ ಹೊರಬಂದವರು ಕಣ್ಣು ಮುಚ್ಚಿಕೊಂಡಿದ್ದರಿಂದ ಏನೂ ಕಾಣಲಿಲ್ಲವೆಂದು ಹೇಳಿ, ಅದೇ ಉಸಿರಿನಲ್ಲಿ ಬಹಳ ಚೆನ್ನಾಗಿತ್ತೆಂದೂ ಹೇಳುತ್ತಾರೆ. ವ್ಯತ್ಯಾಸ ಒಂದೇ: ಇಲ್ಲಿ ಧರ್ಮದರ್ಶನಕ್ಕೂ ಟಿಕೆಟ್ ಇದೆ.

ಕಳೆದ ದಸರಾ ರಜೆಯಲ್ಲಿ ನಮ್ಮ ಕುಟುಂಬ, ನನ್ನ ಷಡ್ಡಕರ ಕುಟುಂಬ ಮತ್ತು ನಮ್ಮಿಬ್ಬರಿಗೂ ಹೆಣ್ಣು ಕೊಟ್ಟ ತಪ್ಪಿಗಾಗಿ ನಮ್ಮ ಅತ್ತೆ, ಹೀಗೆ ಒಂಬತ್ತು ಜನ ಇಂಥದೊಂದು ಪಾರ್ಕಿಗೆ ಹೋಗಿದ್ದೆವು. ಯಾವ ಪಾರ್ಕು ಎಂಬುದು ಮುಖ್ಯವಲ್ಲ. ಬಾಗಿಲ ಮೇಲಿನ ಫಲಕವನ್ನು ತೆಗೆದುಬಿಟ್ಟರೆ ಯಾವುದು ಯಾರದೆಂದು ಮಾಲೀಕರಿಗೂ ಗುರುತು ಸಿಗಲಾರದು. ಬೆಳಿಗ್ಗೆ 10.30ಕ್ಕೆ ಒಳಹೊಕ್ಕು ಸಂಜೆ 6ಕ್ಕೆ ಹೊರಬರುವಷ್ಟರಲ್ಲಿ ನಮಗೆ ದಕ್ಕಿದ್ದು ಐದು ರೈಡ್‌ಗಳು, ಒಟ್ಟು ಸೇರಿ ಹತ್ತು ನಿಮಿಷ. ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಷಡ್ಡಕರು ಒಂಬತ್ತು ಟಿಕೆಟ್‌ಗಳ ಹಣವನ್ನು ಹತ್ತು ನಿಮಿಷಗಳಿಂದ ಭಾಗಿಸಿ ನೋಡಿ, ಬಂದ ಉತ್ತರವನ್ನು ಯಾರಿಗೂ ಹೇಳದೆ ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ಲೆಕ್ಕ ಹಾಕುವ ಕ್ರಮವೇ ತಪ್ಪೆಂದು ನಾನು ಅವರನ್ನು ಸಮಾಧಾನಪಡಿಸಿದೆ. ನಾವು ಕೊಂಡ ಸರಕು ಸಾಲು, ರೈಡ್ ಎಂಬುದು ಸೋಪಿನ ಜೊತೆ ಕೊಡುವ ಚಮಚದ ಹಾಗೆ ಅದಕ್ಕೆ ಅಂಟಿಸಿಕೊಂಡು ಬಂದದ್ದು ಎಂದು ತಿಳಿದರೆ ಗಂಟೆಗೆ ಬೀಳುವ ದರ ಬಹಳ ಅಗ್ಗವಾಗುತ್ತದೆ.

ಪಾರ್ಕಿನ ಮೊದಲ ರೈಡ್ ಬ್ಯಾಗ್ ತಪಾಸಣೆಯ ಮೇಜಿನಿಂದಲೇ ಆರಂಭವಾಗುತ್ತದೆ. ವಿಮಾನ ನಿಲ್ದಾಣದಲ್ಲಿ ಚಾಕು ಹುಡುಕುವಷ್ಟು ಶ್ರದ್ಧೆಯಿಂದ ಇಲ್ಲಿ ಚಿತ್ರಾನ್ನವನ್ನು ಹುಡುಕುತ್ತಾರೆ. ನಮ್ಮ ಅತ್ತೆ ನಸುಕಿನಲ್ಲೆದ್ದು ಮಾಡಿ ತಂದಿದ್ದ ಚಪಾತಿ, ಶೇಂಗಾ ಚಟ್ನಿಪುಡಿ ಮತ್ತು ದಾಳಿಂಬೆ ಉದುರಿಸಿದ ಮೊಸರನ್ನದ ಡಬ್ಬಿಗಳು ಒಂದೊಂದಾಗಿ ಮೇಜಿನ ಮೇಲೆ ಬಂದವು. "ಅಜ್ಜಿ, ಹೊರಗಿನ ಊಟ ಒಳಗೆ ಬಿಡೋದಿಲ್ಲ" ಎಂದ ಕಾವಲಿನ ಹುಡುಗ. "ಇದು ಹೊರಗಿನದಲ್ಲಪ್ಪ, ಮನೆಯದು" ಎಂದರು ಅತ್ತೆ. ಐವತ್ತು ವರ್ಷ ಕಾಲ ಮಕ್ಕಳಿಗೂ ಮೊಮ್ಮಕ್ಕಳಿಗೂ ಹೊರಗಿನದನ್ನು ತಿನ್ನಬೇಡಿರೆಂದು ಬುದ್ಧಿ ಹೇಳಿಕೊಂಡು ಬಂದ ಆಕೆಗೆ, ತಮ್ಮ ಕೈಯಡುಗೆಯೇ ಹೊರಗಿನದಾಗಿ, ಎಲ್ಲಿಯದೋ ಫ್ರೀಜರ್‌ನಿಂದ ಬಂದು ಎಣ್ಣೆಯಲ್ಲಿ ಮುಳುಗೆದ್ದ ಆಲೂಗಡ್ಡೆಯು ಒಳಗಿನದಾಗುವ ಈ ಶಾಸ್ತ್ರವನ್ನು ಅರ್ಥಮಾಡಿಸುವುದು ಯಾವ ಅಳಿಯನಿಂದಲೂ ಸಾಧ್ಯವಿರಲಿಲ್ಲ. ಡಬ್ಬಿಗಳು ಕಾರಿನ ಡಿಕ್ಕಿಗೆ ಮರಳಿದವು ಮತ್ತು ಸಂಜೆಯವರೆಗೆ ಬಿಸಿಲಿನಲ್ಲಿ ತಮ್ಮದೇ ರಜೆಯನ್ನು ಕಳೆದವು.

ಈ ಕಟ್ಟಳೆಗೆ ಕಾನೂನಿನ ಆಧಾರವೇನೆಂದು ಕೇಳಿದರೆ, ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದವರೊಬ್ಬರು ಸುಪ್ರೀಂ ಕೋರ್ಟನ್ನೇ ಕರೆತಂದರು. 2023ರ ಜನವರಿ 3ರಂದು ಆ ನ್ಯಾಯಾಲಯವು ಹೊರಗಿನ ತಿಂಡಿಯನ್ನು ತಡೆಯುವ ಹಕ್ಕು ಮಾಲೀಕರಿಗಿದೆ ಎಂದು ಹೇಳಿದ್ದು ನಿಜ. ಯಾರಾದರೂ ಜಿಲೇಬಿ ತಿಂದು ಕೈಯನ್ನು ಸೀಟಿಗೆ ಒರೆಸಿದರೆ ತೊಳೆಯುವವರು ಯಾರು ಎಂದು ಪೀಠ ಕೇಳಿದ್ದೂ ನಿಜ. ಆದರೆ ಆ ಮಾತು ಸಿನಿಮಾ ಮಂದಿರಗಳ ವಿಷಯದಲ್ಲಿ ಬಂದದ್ದು, ಮತ್ತು ಅದೇ ತೀರ್ಪಿನಲ್ಲಿ ಪ್ರೇಕ್ಷಕರಿಗೆ ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕೆಂಬ ಮಾತೂ ಇದೆ. ಪಾರ್ಕುಗಳು ಎರವಲು ಪಡೆದದ್ದು ಮೊದಲರ್ಧವನ್ನು ಮಾತ್ರ. ನೀರಿನ ನಲ್ಲಿ ಇಲ್ಲವೆಂದಲ್ಲ, ಇದೆ. ಶೌಚಾಲಯದ ಹಿಂದೆ, ಬಾಣದ ಗುರುತು ಮುಗಿದ ಮೇಲೆ, ಪಾರ್ಕಿನ ಅತ್ಯಂತ ರೋಮಾಂಚಕ ಶೋಧಯಾತ್ರೆಯ ಕೊನೆಯಲ್ಲಿ ಇದೆ.

ಈ ಕಲೆಗೆ ಒಂದು ಪೂರ್ವಕಥೆಯಿದೆ. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆದಾಗ, ಪ್ಲಂಬರ್‌ಗಳ ಮುಷ್ಕರದಿಂದಾಗಿ ಶೌಚಾಲಯ ಮತ್ತು ಕುಡಿಯುವ ನೀರಿನ ನಲ್ಲಿಗಳಲ್ಲಿ ಒಂದನ್ನಷ್ಟೇ ಸಮಯಕ್ಕೆ ಸಿದ್ಧಪಡಿಸಲು ಸಾಧ್ಯವಿತ್ತು. ವಾಲ್ಟ್ ಡಿಸ್ನಿ ಶೌಚಾಲಯವನ್ನು ಆರಿಸಿಕೊಂಡರು. ಉರಿಬಿಸಿಲಿನಲ್ಲಿ ಬಾಯಾರಿದ ಜನ, ಇದೆಲ್ಲ ಪೆಪ್ಸಿ ಮಾರುವುದಕ್ಕಾಗಿ ಮಾಡಿದ ಉಪಾಯವೆಂದು ಗೊಣಗಿದರು. ಆ ದಿನ ಅದು ಅಪವಾದವಾಗಿತ್ತು. ಅಪವಾದದಲ್ಲೂ ಒಂದು ವ್ಯಾಪಾರವಿದೆ ಎಂದು ಕಂಡುಕೊಳ್ಳುವಷ್ಟು ನಮ್ಮವರು ಮುಂದುವರಿದಿದ್ದಾರೆ. ವಿಚಿತ್ರವೆಂದರೆ, ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಗಾಜಿನ ಪಾತ್ರೆ ಮತ್ತು ಮದ್ಯವನ್ನು ಬಿಟ್ಟರೆ ಮನೆಯ ಬುತ್ತಿಯನ್ನು ಒಳಗೊಯ್ಯಲು ಅಡ್ಡಿಯಿಲ್ಲ. ಮಗನ ಮನೆಗೆಂದು ಹೋದ ಮೈಸೂರಿನ ದಂಪತಿಗಳು ಒರ್ಲಾಂಡೊದ ಕೋಟೆಯೆದುರು ಕುಳಿತು ನಿಶ್ಚಿಂತೆಯಿಂದ ಪುಳಿಯೋಗರೆ ತಿನ್ನಬಹುದು. ನಾವು ಅಲ್ಲಿಂದ ಕೋಟೆಯ ಗೋಪುರ, ಬಣ್ಣ ಮತ್ತು ಇಲಿಯ ದೂರದ ಸಂಬಂಧಿಯೊಂದನ್ನು ತಂದೆವು; ಬುತ್ತಿಯ ನಿಯಮ ಮಾತ್ರ ಬಹುಶಃ ತೂಕ ಹೆಚ್ಚಾಗಿ ವಿಮಾನದಲ್ಲಿ ಬರಲಿಲ್ಲ.

ಊಟದ ಅಂಗಳಕ್ಕೆ ಬಂದರೆ ಅಲ್ಲಿ ಹಣ ನಡೆಯುವುದಿಲ್ಲ. ಮೊದಲು ಒಂದು ಸಾಲಿನಲ್ಲಿ ನಿಂತು ಕೈಪಟ್ಟಿಗೆ ಹಣ ತುಂಬಿಸಬೇಕು, ಎರಡನೆಯ ಸಾಲಿನಲ್ಲಿ ಟೋಕನ್ ಪಡೆಯಬೇಕು, ಮೂರನೆಯದರಲ್ಲಿ ತಟ್ಟೆ ಪಡೆಯಬೇಕು, ಸಂಜೆ ನಾಲ್ಕನೆಯದರಲ್ಲಿ ನಿಂತು ಕೈಪಟ್ಟಿಯಲ್ಲಿ ಉಳಿದ ಹಣವನ್ನು ಮರಳಿ ಕೇಳಬೇಕು. ಈ ನಾಲ್ಕನೆಯ ಸಾಲು ಎಲ್ಲಕ್ಕಿಂತ ಉದ್ದವಾಗಿರುವುದರಿಂದ, ನಲವತ್ತು ರೂಪಾಯಿಗಾಗಿ ಅಷ್ಟು ಹೊತ್ತು ಯಾರು ನಿಲ್ಲುತ್ತಾರೆಂದು ಸ್ವಾಭಿಮಾನಿಗಳು ಹೊರಟುಹೋಗುತ್ತಾರೆ. ಹಾಗೆ ಬಿಟ್ಟುಹೋದ ಸ್ವಾಭಿಮಾನವೆಲ್ಲ ಯಾವ ಲೆಕ್ಕಕ್ಕೆ ಜಮೆಯಾಗುತ್ತದೆ ಎಂದು ಷಡ್ಡಕರು ವೃತ್ತಿಸಹಜ ಕುತೂಹಲದಿಂದ ವಿಚಾರಿಸಿದರು. ನಮಗೆ ದೊರೆತದ್ದು ಗೋಬಿ ಮಂಚೂರಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದ ಮೇಲೆ ಅದರ ಕೆಂಪು ಇಳಿದಿದೆ. ಇಳಿದ ಕೆಂಪು ಬೆಲೆಯ ಪಟ್ಟಿ ಓದಿದ ಗಿರಾಕಿಯ ಮುಖಕ್ಕೆ ಏರಿದೆ. ಮೈಸೂರಿನ ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನದಲ್ಲಿ ಮುಖದಷ್ಟು ಅಗಲದ ದೆಹಲಿ ಹಪ್ಪಳವನ್ನು ಮುರಿಯುತ್ತ, ಖಾರದ ಪುಡಿಗೆ ಕಣ್ಣೊರೆಸಿಕೊಳ್ಳುತ್ತ, ತೊಟ್ಟಿಲಿನ ಕಡೆಗೆ ನಡೆದು ಬೆಳೆದ ನನ್ನಂಥವನಿಗೆ, ತಿನ್ನುವುದಕ್ಕೆ ಇಷ್ಟೊಂದು ಆಡಳಿತ ಬೇಕೆಂಬುದು ಹೊಸ ಪಾಠ.

ನೀರಿನ ಕೊಳದ ಬಳಿ ಹತ್ತಿಬಟ್ಟೆಗೆ ಪ್ರವೇಶವಿಲ್ಲ, ನೈಲಾನ್ ಬೇಕು, ಅದು ಪಕ್ಕದ ಅಂಗಡಿಯಲ್ಲೇ ಇದೆ ಎಂಬಷ್ಟನ್ನು ಹೇಳಿ ಮುಂದೆ ಹೋಗುತ್ತೇನೆ. ಅದಕ್ಕಿಂತ ಕ್ರೂರವಾದದ್ದು ಅಳತೆಗೋಲು. ಮಕ್ಕಳ ಎತ್ತರವನ್ನು ಅಳೆಯುವ ಕಂಬವನ್ನು ನಾವು ಹೋದ ಕಡೆ ಸಾಲಿನ ಆರಂಭದಲ್ಲಿ ನೆಟ್ಟಿರಲಿಲ್ಲ, ಕೊನೆಯಲ್ಲಿ ನೆಟ್ಟಿದ್ದರು. ಷಡ್ಡಕರ ಕಿರಿಯ ಮಗ ಒಂದು ಗಂಟೆ ಹತ್ತು ನಿಮಿಷ ನಿಂತು, ಆ ಅವಧಿಯಲ್ಲಿ ಸ್ವಲ್ಪ ಬೆಳೆದಿದ್ದರೂ, ಎರಡು ಬೆರಳಿನಷ್ಟು ಸಾಲದೆ ವಾಪಸಾದ. "ಮುಂದಿನ ವರ್ಷ ಬಾ ಪುಟ್ಟ" ಎಂದರು ಸಿಬ್ಬಂದಿ. ಸಾಲಿನ ಉದ್ದವನ್ನು ನೋಡಿದರೆ, ಆಗಲೇ ಬಂದು ನಿಂತರೂ ಮುಂದಿನ ವರ್ಷಕ್ಕೆ ಸರಿಹೋಗುವಂತಿತ್ತು.

ಈ ಸುಖವನ್ನು ಯಾವ ಖಾನೆಗೆ ಹಾಕಬೇಕೆಂದು ಸರ್ಕಾರಕ್ಕೂ ಬಹಳ ಕಾಲ ತಿಳಿಯಲಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಥೀಮ್ ಪಾರ್ಕಿಗೆ ಪಾನ್ ಮಸಾಲೆಯ ಪಂಕ್ತಿಯಲ್ಲೇ ಶೇ 28ರ ಎಲೆ ಹಾಕಿದ್ದರು. 2018ರ ಜನವರಿಯಲ್ಲಿ ಅದು ಶೇ 18ಕ್ಕೆ ಇಳಿಯಿತು. ಆ ಆದೇಶದಲ್ಲಿ ವಾಟರ್ ಪಾರ್ಕು, ತಿರುಗುವ ಕುದುರೆಗಳು ಮತ್ತು ಗೋ-ಕಾರ್ಟಿಂಗ್‌ನ ಸಾಲಿನಲ್ಲೇ ಬ್ಯಾಲೆ ನೃತ್ಯವೂ ನಿಂತಿದೆ. ಯಾವ ಅಧಿಕಾರಿ ಬರೆದರೋ ತಿಳಿಯದು, ಆದರೆ ನಮ್ಮ ಅತ್ತೆ ಗಿರಗಿರನೆ ತಿರುಗುವ ಬಟ್ಟಲಿನಿಂದ ಇಳಿದು ನಡೆದ ನಾಲ್ಕು ಹೆಜ್ಜೆಗಳನ್ನು ಕಂಡ ಮೇಲೆ ಆ ವರ್ಗೀಕರಣದಲ್ಲಿ ದೋಷವಿಲ್ಲವೆಂದು ಒಪ್ಪಿಕೊಂಡಿದ್ದೇನೆ.

ಇನ್ನು ವಿಶೇಷ ದರ್ಶನಕ್ಕೆ, ಅಂದರೆ ಹೆಚ್ಚು ಹಣ ಕೊಟ್ಟು ಸಾಮಾನ್ಯ ಸಾಲನ್ನು ತಪ್ಪಿಸಿಕೊಳ್ಳುವ ಫಾಸ್ಟ್ ಟಿಕೆಟ್ಟಿಗೆ ಬರೋಣ. ಅನಾಹೈಮ್‌ನಲ್ಲಿ 1955ರಲ್ಲಿ ಬಾಗಿಲ ಶುಲ್ಕ ಒಂದು ಡಾಲರ್, ರೈಡ್‌ಗಳಿಗೆ ಬೇರೆ. 1999ರಲ್ಲಿ ಡಿಸ್ನಿ ತಂದ ಫಾಸ್ಟ್‌ಪಾಸ್ ಉಚಿತವಾಗಿತ್ತು. ಚೀಟಿ ಪಡೆದು ಹೇಳಿದ ಹೊತ್ತಿಗೆ ಬಂದರೆ ಸಾಕಿತ್ತು. 2021ರಲ್ಲಿ ಅದು ಹೋಗಿ ಹಣ ಕೊಡುವ ಮಿಂಚಿನ ಸಾಲು ಬಂತು, 2024ರಲ್ಲಿ ಫ್ಲಾರಿಡಾದಲ್ಲಿ ತಂದ ಅದರ ಮೇಲ್ದರ್ಜೆಯ ಪಾಸಿಗೆ ದಿನಕ್ಕೆ 449 ಡಾಲರ್‌ವರೆಗೂ ಬೆಲೆಯಿತ್ತು, ಪ್ರವೇಶದ ಟಿಕೆಟ್ ಬೇರೆ. ರೋಗವನ್ನೂ ಔಷಧವನ್ನೂ ಒಂದೇ ಅಂಗಡಿಯವನು ಮಾರಿದರೆ ರೋಗ ವಾಸಿಯಾಗುವುದು ಅಂಗಡಿಯ ಹಿತಕ್ಕೆ ವಿರುದ್ಧವಾದ್ದರಿಂದ, ಸಾಮಾನ್ಯ ಸಾಲು ಚುರುಕಾಗಿ ಸಾಗದಂತೆ ನೋಡಿಕೊಳ್ಳುವುದು ಈ ವ್ಯವಸ್ಥೆಯಲ್ಲಿ ಒಂದು ಜವಾಬ್ದಾರಿಯೇ ಆಗುತ್ತದೆ. ರೋಲರ್ ಕೋಸ್ಟರ್‌ನಲ್ಲಿ ಇಪ್ಪತ್ತನಾಲ್ಕು ಸೀಟುಗಳಿದ್ದರೆ ಅವು ಇಪ್ಪತ್ತೈದಾಗುವುದಿಲ್ಲ. ಒಬ್ಬನಿಗೆ ಉಳಿದ ನಿಮಿಷ ಇನ್ನೊಬ್ಬನ ಕಾಲಿನ ಮಂಡಿಯಿಂದ ಕಿತ್ತದ್ದೇ ಆಗಿರಬೇಕು.

ಸಾಲ ಮಾಡಿ ಬಂದು ಸಾಲಿನಲ್ಲಿ ನಿಂತದ್ದು ಸಾಲದೆಂದು, ಮಧ್ಯಾಹ್ನ ನಾಲ್ಕರ ಹೊತ್ತಿಗೆ ಷಡ್ಡಕರು ಕೊನೆಯ ದೊಡ್ಡ ರೈಡಿಗೆ ಫಾಸ್ಟ್ ಟಿಕೆಟ್ ಕೊಂಡರು. "ದೇವಸ್ಥಾನದಲ್ಲೂ ಇಷ್ಟು ನಿಂತಿಲ್ಲ ಅಳಿಯಂದ್ರೆ, ಅಲ್ಲಿ ಕೊನೆಗೆ ಪ್ರಸಾದವಾದರೂ ಕೊಡ್ತಾರೆ" ಎಂದು ಅತ್ತೆ ಹೇಳಿದ್ದೇ ಅವರ ಕೈಯನ್ನು ಜೇಬಿಗೆ ಇಳಿಸಿತ್ತು. ಆದರೆ ಅದೇ ಮಾತನ್ನು ಬೇರೆ ಬೇರೆ ಊರುಗಳ ಅತ್ತೆಯಂದಿರು ಅದೇ ಗಳಿಗೆಯಲ್ಲಿ ಹೇಳಿದ್ದಿರಬೇಕು. ಫಾಸ್ಟ್ ಸಾಲು ಕಂಬಿಗಳನ್ನು ದಾಟಿ, ಐಸ್‌ಕ್ರೀಂ ಅಂಗಡಿಯನ್ನು ಬಳಸಿ, ಪ್ಲಾಸ್ಟಿಕ್ ಆನೆಯ ಸೊಂಡಿಲಿನವರೆಗೆ ಬೆಳೆದಿತ್ತು. ಪಕ್ಕದ ಧರ್ಮದರ್ಶನದ ಸಾಲು, ಎಲ್ಲರೂ ಇತ್ತ ಬಂದುಬಿಟ್ಟಿದ್ದರಿಂದ, ಹೆಚ್ಚುಕಡಿಮೆ ಖಾಲಿಯಾಗಿ, ಕಾಲೇಜು ಹುಡುಗರು ನಿಲ್ಲದೆ ನಡೆದುಕೊಂಡೇ ರೈಡಿನವರೆಗೆ ಹೋಗುತ್ತಿದ್ದರು. ಅರ್ಧ ಗಂಟೆ ಇದನ್ನು ನೋಡಿದ ಷಡ್ಡಕರು ಕೊನೆಗೆ ಕಂಬಿಯ ಕೆಳಗೆ ನುಸುಳಿ ಆ ಸಾಲಿಗೆ ಕಾಲಿಟ್ಟರು. ಕಾವಲುಗಾರ ಅವರ ಕೈಯಲ್ಲಿದ್ದ ಕೆಂಪು ಪಟ್ಟಿಯನ್ನು ನೋಡಿ ವಿನಯದಿಂದ ತಡೆದ.

"ಇಲ್ಲಿ ಬಿಡೋಕಾಗಲ್ಲ ಸಾರ್. ನಿಮ್ಮದು ಫಾಸ್ಟ್ ಟಿಕೆಟ್."