ಮಗ ಸಹಾಯಕ್ಕೆ ನಿಂತಾಗ

ಬೇಸಿಗೆ ರಜೆ ಇರುವುದು ವಿಶ್ರಾಂತಿಗಾಗಿ ಎಂದು ಎಲ್ಲರೂ ಹೇಳುತ್ತಾರೆ. ಯಾರ ವಿಶ್ರಾಂತಿಗಾಗಿ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಏಪ್ರಿಲ್ ಎರಡನೆಯ ವಾರದಲ್ಲಿ ಮುಚ್ಚಿದ ಶಾಲೆಯ ಬಾಗಿಲು ಮತ್ತೆ ತೆರೆಯುವುದು ಮೇ ತಿಂಗಳ ಕೊನೆಗೆ. ವಿಶ್ರಾಂತಿ ಶಿಕ್ಷಕರಿಗೆ ಎನ್ನೋಣವೆಂದರೆ ಅವರಿಗೆ ಮೌಲ್ಯಮಾಪನ, ತರಬೇತಿ, ಗಣತಿ, ಚುನಾವಣೆ ಎಂದು ಏನಾದರೊಂದು ಬೆನ್ನು ಹತ್ತಿರುತ್ತದೆ. ಮಕ್ಕಳಿಗೆ ಎನ್ನೋಣವೆಂದರೆ, ಶಾಲೆಯಿದ್ದ ದಿನಗಳಲ್ಲಿ ಹೊದಿಕೆ ಎಳೆದು, ಫ್ಯಾನು ನಿಲ್ಲಿಸಿ, ಮುಖಕ್ಕೆ ನೀರು ಚಿಮುಕಿಸಿದರೂ ಏಳದ ನಮ್ಮ ಮಗ ರಜೆ ಶುರುವಾದದ್ದೇ ತಡ, ಹಾಲಿನವರು ಬರುವುದಕ್ಕೂ ಮುಂಚೆ ಎದ್ದು, ನನ್ನ ಕಣ್ಣಿನ ರೆಪ್ಪೆಯನ್ನು ಬೆರಳಿನಿಂದ ಮೇಲೆತ್ತಿ, "ಅಮ್ಮ, ಇವತ್ತು ಏನು ಸಹಾಯ ಮಾಡ್ಲಿ?" ಎಂದು ಕೇಳತೊಡಗಿದ.

ಈ ಉತ್ಸಾಹದ ಮೂಲ ಅವನ ಶಾಲೆಯಲ್ಲಿತ್ತು. ಎಲ್‌ಕೆಜಿ ಮುಗಿಸಿದ ಮಕ್ಕಳಿಗೂ ಈಗ ರಜೆಯ ಹೋಂವರ್ಕ್ ಎಂಬುದೊಂದಿದೆ. ಮನೆಯವರಿಗೆ ದಿನಕ್ಕೊಂದು ಸಹಾಯ ಮಾಡಬೇಕು, ಮಾಡಿದ್ದನ್ನು ಒಂದು ಪುಸ್ತಕದಲ್ಲಿ ಚಿತ್ರವಾಗಿ ಬರೆಯಬೇಕು, ಕೆಳಗೆ ಪೋಷಕರ ಸಹಿ ಇರಬೇಕು ಎಂದು ಅವರ ಮಿಸ್ ಹೇಳಿ ಕಳುಹಿಸಿದ್ದರು. ಆ ಶಿಕ್ಷಕಿಯ ಉದ್ದೇಶ ಒಳ್ಳೆಯದೇ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ತಂಟೆ ಮಾಡುವ ಮಗುವನ್ನು ಗದರಿಸಬಹುದು, ಹಟ ಮಾಡುವ ಮಗುವನ್ನು ಪುಸಲಾಯಿಸಬಹುದು, ಐದು ವರ್ಷದ ಮಗು ತುಂಬು ಹೃದಯದಿಂದ ಸಹಾಯಕ್ಕೆ ಬಂದರೆ ತಡೆಯುವುದು ಹೇಗೆ ಎಂಬುದಕ್ಕೆ ಯಾವ ಶಾಸ್ತ್ರದಲ್ಲೂ ಪರಿಹಾರ ಹೇಳಿಲ್ಲ. ಮೇಲಾಗಿ ಆದ ಅನಾಹುತಕ್ಕೆಲ್ಲ ನಾನೇ ಸಹಿ ಹಾಕಿ ಪ್ರಮಾಣೀಕರಿಸಬೇಕಿತ್ತು.

ಅವನನ್ನು ಯಾವುದಾದರೂ ಬೇಸಿಗೆ ಶಿಬಿರಕ್ಕೆ ಸೇರಿಸುವ ಯೋಚನೆ ಮೊದಲು ಬಂತು. ಮೈಸೂರಿನಲ್ಲಿರುವ ನಮಗೆ ಬೇಸಿಗೆ ಶಿಬಿರವೆಂದರೆ ಮೊದಲು ನೆನಪಾಗುವುದು ರಂಗಾಯಣದ ಚಿಣ್ಣರ ಮೇಳ. ಅದಕ್ಕೆ ಇವನ ವಯಸ್ಸು ಸಾಲದು. ಬಡಾವಣೆಯ ಇನ್ನೊಂದು ಶಿಬಿರಕ್ಕೆ ಸೇರಿಸಿದೆವು. ಅದು ಬೆಳಿಗ್ಗೆ ಒಂದೂವರೆ ಗಂಟೆ ಮಾತ್ರ ನಡೆಯುತ್ತಿತ್ತು; ಅವನನ್ನು ಸಿದ್ಧಗೊಳಿಸಿ, ಬಿಟ್ಟು, ಕರೆತಂದು, ಅಂಗಿಗೆ ಮೆತ್ತಿದ ಗೋಂದನ್ನು ಬಿಡಿಸಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಅವನು ಅಲ್ಲಿಂದ ನಿತ್ಯವೂ ಪತ್ರಿಕೆಯ ಹಾಳೆಯ ಟೊಪ್ಪಿಗೆಯೊಂದನ್ನು ತರುತ್ತಿದ್ದನಾದ್ದರಿಂದ, ಏಪ್ರಿಲ್ ಮುಗಿಯುವ ಹೊತ್ತಿಗೆ ಒಂದು ಸಣ್ಣ ಪೊಲೀಸ್ ಠಾಣೆಗೆ ಆಗುವಷ್ಟು ಟೊಪ್ಪಿಗೆಗಳು ಮನೆಯಲ್ಲಿ ಸೇರಿದ್ದವು.

ಮಾವಿನಹಣ್ಣಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ಹೇಳುವುದಕ್ಕೆ ಹೆಚ್ಚೇನೂ ಉಳಿಯಲಿಲ್ಲ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದ್ದರೂ ಮಾರುಕಟ್ಟೆಯ ಹಣ್ಣಿನ ಮೇಲೆ ನಮ್ಮ ಮಾವನವರಿಗೆ ನಂಬಿಕೆಯಿಲ್ಲ. ಹೀಗಾಗಿ ಪ್ರತಿ ವರ್ಷ ಬಲಿತ ರಸಪುರಿ ಕಾಯಿಗಳನ್ನೇ ತಂದು, ಕೋಣೆಯ ಮೂಲೆಯಲ್ಲಿ ಹುಲ್ಲು ಹಾಸಿ, ಮೇಲೆ ಗೋಣಿಚೀಲ ಮುಚ್ಚಿ ಅಡೆ ಹಾಕುತ್ತಾರೆ. ಕಾಯಿಯೇ ಬಿಡುವ ಎಥಿಲೀನ್ ಅನಿಲ ಗೋಣಿಯೊಳಗೆ ಉಳಿದು, ಒಂದು ಹಣ್ಣಾದರೆ ಪಕ್ಕದ್ದನ್ನೂ ಹಣ್ಣು ಮಾಡುತ್ತದೆ. ಇದೆಲ್ಲ ನಡೆಯಬೇಕಾದರೆ ಗೋಣಿಯನ್ನು ಮುಟ್ಟದೆ ಬಿಡಬೇಕು. ನಮ್ಮ ಸಹಾಯಕ ಗಂಟೆಗೊಮ್ಮೆ ಅದನ್ನು ಸರಿಸಿ, ಪ್ರತಿಯೊಂದು ಕಾಯನ್ನೂ ಹೆಬ್ಬೆರಳಿನಿಂದ ಒತ್ತಿ ಪರೀಕ್ಷಿಸಿ, "ತಾತ, ಇನ್ನೂ ಆಗಿಲ್ಲ" ಎಂದು ವರದಿ ಒಪ್ಪಿಸುತ್ತಿದ್ದ. ಕೊನೆಗೆ ಹಣ್ಣಾದದ್ದು ಅವನು ಒತ್ತಿದ ಜಾಗ ಮಾತ್ರ.

ಮಡಕೆಯ ಪ್ರಸಂಗಕ್ಕೆ ಕಾರಣ ಅವನಲ್ಲ, ವಿಜ್ಞಾನ. ಫ್ರಿಜ್ ನೀರು ಕುಡಿದರೆ ಗಂಟಲು ಕಟ್ಟುತ್ತದೆ ಎಂದು ಅತ್ತೆಯವರು ಬೇಸಿಗೆಯಲ್ಲಿ ಮಣ್ಣಿನ ಮಡಕೆಯೊಂದನ್ನು ತರಿಸಿ, ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಮರಳು ತುಂಬಿದ ತಟ್ಟೆಯ ಮೇಲೆ ಕೂರಿಸುತ್ತಾರೆ. ಮಡಕೆಯ ಹೊರಮೈ ಯಾಕೆ ಒದ್ದೆಯಾಗಿದೆ ಎಂದು ಮೊಮ್ಮಗ ಕೇಳಿದ. ಮಾವನವರು ನಿವೃತ್ತ ವಿಜ್ಞಾನ ಮೇಷ್ಟರು. ಕೇಳುವವರೇ ಇಲ್ಲದೆ ವರ್ಷಗಳಿಂದ ಒಳಗೇ ಇಟ್ಟುಕೊಂಡಿದ್ದ ಪಾಠವನ್ನು ಅವರು ಬಿಡುತ್ತಾರೆಯೇ? ಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ, ಅವುಗಳ ಮೂಲಕ ನೀರು ಹೊರಗೆ ಜಿನುಗುತ್ತದೆ, ಅದು ಆವಿಯಾಗುವಾಗ ಮಡಕೆಯ ಶಾಖವನ್ನೇ ತೆಗೆದುಕೊಂಡು ಹೋಗುತ್ತದೆ, ಆದ್ದರಿಂದ ಒಳಗಿನ ನೀರು ತಣ್ಣಗಾಗುತ್ತದೆ ಎಂದು ಸವಿಸ್ತಾರವಾಗಿ ವಿವರಿಸಿ, ಕೊನೆಗೆ ಮಗುವಿಗೆ ಸುಲಭವಾಗಲೆಂದು, "ಅಂದ್ರೆ ಮಡಕೆ ಬೆವರುತ್ತೆ ಕಣಪ್ಪ, ನಿನ್ನ ಹಾಗೇ" ಎಂದುಬಿಟ್ಟರು.

ಆ ದಿನಗಳಲ್ಲಿ ಅವನ ಕುತ್ತಿಗೆಗೂ ಬೆನ್ನಿಗೂ ಬೆವರುಸಾಲೆ ಎದ್ದಿತ್ತು. ಸ್ನಾನವಾದ ಮೇಲೆ ಅಜ್ಜಿ ಅವನನ್ನು ಮಂಚದ ಮೇಲೆ ನಿಲ್ಲಿಸಿ ಮೈಗೆಲ್ಲ ಪೌಡರು ಬಳಿಯುತ್ತಿದ್ದರು. ಬೆವರುವವರಿಗೆ ಏನು ಮಾಡಬೇಕೆಂಬುದು ಹೀಗೆ ಅವನಿಗೆ ಸ್ವಾನುಭವದಿಂದಲೇ ತಿಳಿದಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದ್ದ ಹೊತ್ತಿನಲ್ಲಿ ಅವನು ಅಡುಗೆಮನೆಗೆ ಹೋಗಿ, ಸ್ಟೂಲು ಹತ್ತಿ, ಹೊಸದಾಗಿ ಒಡೆದ ಪೌಡರಿನ ಡಬ್ಬಿಯನ್ನು ಪೂರ್ತಿಯಾಗಿ ಮಡಕೆಗೆ ಸಮರ್ಪಿಸಿದ. ಒದ್ದೆಯಾದ ಮಣ್ಣಿನ ಮೇಲೆ ಪೌಡರು ಬಿದ್ದರೆ ಅದು ಗಾರೆಯಂತೆ ಹಿಡಿಯುತ್ತದೆ. ಮೇಲೆ ಮೃದುವಾಗಿ ತಟ್ಟಿದ್ದರಿಂದ ಅವನ ಪುಟ್ಟ ಅಂಗೈಯ ಗುರುತುಗಳು ಸುತ್ತಲೂ ಮೂಡಿದ್ದವು. ಮಡಕೆಯ ಕುತ್ತಿಗೆಯ ಸಂದಿಗೆ, ಅಲ್ಲೇ ಹೆಚ್ಚು ತುರಿಸುತ್ತದೆ ಎಂಬ ಕಾರಣಕ್ಕೆ, ಎರಡು ಪಟ್ಟು ಬಳಿದಿದ್ದ. ಸಂಜೆ ಆಫೀಸಿನಿಂದ ಬಂದ ನಮ್ಮ ಯಜಮಾನರು ಲೋಟ ತುಂಬ ನೀರು ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಇವತ್ತು ಯಾವ ದೇವಸ್ಥಾನಕ್ಕೆ ಹೋಗಿದ್ದಿರಿ, ತೀರ್ಥ ಘಮ್ಮೆನ್ನುತ್ತಿದೆಯಲ್ಲ ಎಂದು ಕೇಳಿದರು. ಉಜ್ಜಿ ತೊಳೆದರೂ ರಂಧ್ರಗಳಲ್ಲಿ ಕೂತ ಪೌಡರು ಹೋಗಲಿಲ್ಲ, ಮಡಕೆ ಮತ್ತೆ ಬೆವರಲಿಲ್ಲ, ನೀರು ತಣ್ಣಗಾಗಲಿಲ್ಲ. ಮನೆಯಲ್ಲಿ ಸಂತೋಷಪಟ್ಟವರು ಮಾವನವರೊಬ್ಬರೇ. ರಂಧ್ರ ಮುಚ್ಚಿದರೆ ಆವಿಯಾಗುವಿಕೆ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕೇ ಎಂದು ಅವರು ಮೊಮ್ಮಗನ ಬೆನ್ನು ತಟ್ಟಿದರು.

ಅವರ ಸಂತೋಷ ಬಹಳ ದಿನ ಉಳಿಯಲಿಲ್ಲ. 1892ರಲ್ಲಿ ಚಾಮರಾಜ ಒಡೆಯರು ಸ್ಥಾಪಿಸಿದ ನಮ್ಮೂರ ಮೃಗಾಲಯದಲ್ಲಿ ಬೇಸಿಗೆ ಬಂತೆಂದರೆ ಪ್ರಾಣಿಗಳಿಗೆ ರಾಜೋಪಚಾರ ನಡೆಯುತ್ತದೆ. ಕಲ್ಲಂಗಡಿ, ಸೌತೆಕಾಯಿ, ಎಳನೀರು ಕೊಡುತ್ತಾರೆ. ಆನೆಗಳ ಮೈಮೇಲೆ ಪೈಪಿನಿಂದ ನೀರು ಹಾಯಿಸುತ್ತಾರೆ. ಟಿಕೆಟು ಕೊಂಡು ಬಿಸಿಲಿನಲ್ಲಿ ಕಿಲೋಮೀಟರುಗಟ್ಟಲೆ ನಡೆಯುವ ನಮಗೆ ಇವು ಯಾವುವೂ ಇಲ್ಲವಲ್ಲ ಎಂಬ ಸಣ್ಣ ಅಸೂಯೆ ನನಗೆ ಆ ದಿನ ಮೂಡಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಮಗ ಆನೆಯ ಮುಂದೆ ಬಹಳ ಹೊತ್ತು ನಿಂತಿದ್ದ. ಆನೆಗೆ ಯಾಕೆ ನೀರು ಬಿಡುತ್ತಾರೆ ಎಂದು ಕೇಳಿದ್ದಕ್ಕೆ, ದೊಡ್ಡ ಮೈಯವರಿಗೆ ಸೆಕೆ ಜಾಸ್ತಿ ಎಂದು ಅವರಪ್ಪ ಉತ್ತರಿಸಿದ್ದರು. ಮರುದಿನ ಮಧ್ಯಾಹ್ನ, ಊಟ ಮುಗಿಸಿ, ಜಗಲಿಯ ಆರಾಮ ಕುರ್ಚಿಯಲ್ಲಿ ಪತ್ರಿಕೆಯನ್ನು ಮುಖದ ಮೇಲೆ ಹರಡಿಕೊಂಡು ಮಲಗಿದ್ದ ಮಾವನವರ ವಿಶಾಲವಾದ ಹೊಟ್ಟೆಯ ಮೇಲೆ, ಗಿಡಕ್ಕೆ ನೀರು ಹಾಕುವ ಪೈಪು ಪೂರ್ಣ ವೇಗದಲ್ಲಿ ತಿರುಗಿತು. ನಾವು ಓಡಿ ಬರುವ ಹೊತ್ತಿಗೆ ಅವರು ಎದ್ದು ನಿಂತಿದ್ದರು. ಮುಖಕ್ಕೆ ಅಂಟಿದ್ದ ಪತ್ರಿಕೆಯಲ್ಲಿ ಚಿನ್ನದ ದರವನ್ನು ಸ್ಪಷ್ಟವಾಗಿ ಓದಬಹುದಿತ್ತು. "ತಾತ, ಈಗ ಸೊಂಡ್ಲಿಗೆ ಬಿಡ್ಲಾ?" ಎಂದು ಮಗ ಕೇಳುತ್ತಿದ್ದ. ಆ ದಿನದ ಚಿತ್ರದಲ್ಲಿ ತಾತ ಯಾರು, ಆನೆ ಯಾವುದು ಎಂದು ಗುರುತಿಸುವುದು ಕಷ್ಟವಾಗಿತ್ತು. ನಾನು ಎರಡಕ್ಕೂ ಸೇರಿಸಿ ಒಂದೇ ಸಹಿ ಹಾಕಿದೆ.

ಇವೆಲ್ಲ ಸಂಡಿಗೆಯ ಮುಂದೆ ಏನೇನೂ ಅಲ್ಲ. ನಮ್ಮ ಮೈಸೂರಿನ ಬಿಸಿಲನ್ನು ರಾಯಚೂರು, ಕಲಬುರಗಿಯವರ ಮುಂದೆ ಹೇಳಿಕೊಂಡರೆ ನಕ್ಕಾರು. ಅಲ್ಲಿ ಪಾದರಸ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಆದರೆ ಸಂಡಿಗೆ ಒಣಗಿಸುವುದಕ್ಕೆ ನಮ್ಮ ಬಿಸಿಲು ಧಾರಾಳವಾಗಿ ಸಾಕು. ಒಂದೇ ತೊಂದರೆಯೆಂದರೆ ಏಪ್ರಿಲ್ 27ರ ಸುಮಾರಿಗೆ ಭರಣಿ ಮಳೆ ಹುಟ್ಟುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತರು ಸಂತೋಷಪಡುತ್ತಾರೆ. ಮಾಳಿಗೆಯ ಮೇಲೆ ಹಸಿ ಸಂಡಿಗೆ ಹರಡಿಕೊಂಡವರು ಆ ಗಾದೆಯನ್ನು ಗಟ್ಟಿಯಾಗಿ ಹೇಳುವುದಿಲ್ಲ. ಅತ್ತೆಯವರು ಅದಕ್ಕೆ ಮುಂಚೆಯೇ ವರ್ಷದ ಸಂಡಿಗೆ ಮುಗಿಸಬೇಕೆಂದು ಪಣ ತೊಟ್ಟಿದ್ದರು. ರಾತ್ರಿ ನೆನೆಹಾಕಿದ ಅಕ್ಕಿಯನ್ನು ಬೆಣ್ಣೆಯಂತೆ ರುಬ್ಬಿ, ನಸುಕಿನಲ್ಲೇ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಉಪ್ಪು, ಜೀರಿಗೆ, ಇಂಗು, ಅರೆದ ಹಸಿಮೆಣಸಿನಕಾಯಿ ಹಾಕಿ, ಹಿಟ್ಟು ಸುರಿದು, ಗಂಟಾಗದಂತೆ ಗೊಟಾಯಿಸಿ, ಬಿಸಿಯಿರುವಾಗಲೇ ಚಕ್ಕುಲಿ ಒರಳಿಗೆ ತುಂಬಿ, ಮಾವನವರ ಹಳೆಯ ಪಂಚೆಯ ಮೇಲೆ ಸಾಲುಸಾಲಾಗಿ ಒತ್ತಿದೆವು. ಒರಳು ತಿರುಗಿಸಿ ನನ್ನ ಅಂಗೈಯಲ್ಲಿ ಎದ್ದ ಬೊಬ್ಬೆಯನ್ನು ಅತ್ತೆಯವರು ನೋಡಿದರು, ಆದರೆ ಏನೂ ಹೇಳಲಿಲ್ಲ. ಕಾಗೆ ಬಾರದಿರಲೆಂದು ಕಪ್ಪು ಕೊಡೆಯೊಂದನ್ನು ಬಿಚ್ಚಿ ನಡುವೆ ಇಟ್ಟೆವು. ನೆರಳಿನಲ್ಲಿ ಕುರ್ಚಿ ಹಾಕಿ, ಕೈಗೊಂದು ಕೋಲು ಕೊಟ್ಟು, ಕಾವಲಿಗೆ ಮಗನನ್ನು ಕೂರಿಸಿದವರು ಅತ್ತೆಯವರೇ. "ಯಾರು ಬಂದ್ರೂ ಬಿಡಬೇಡ ಕಂದ" ಎಂದು ಹೇಳಿ ಅವರು ಸ್ನಾನಕ್ಕೆ ಹೋದರು.

ಈಗ ಫಾಲ್ಗುಣ ಮಾಸದ ಒಂದು ವಿಷಯವನ್ನು ಹೇಳಬೇಕು. ಆ ತಿಂಗಳಿನಲ್ಲಿ ನಮ್ಮ ಮಾವನವರ ತಂದೆಯವರ ತಿಥಿ ನಡೆಯುತ್ತದೆ. ಬಾಳೆಯೆಲೆಯಲ್ಲಿ ಎಡೆಯಿಟ್ಟು, ಕಾಂಪೌಂಡಿನ ಗೋಡೆಯ ಮೇಲೆ ಇರಿಸಿ, ಕಾಗೆ ಬಂದು ಮುಟ್ಟುವವರೆಗೆ ಮನೆಯ ಹಿರಿಯರೆಲ್ಲ ಹಸಿದ ಹೊಟ್ಟೆಯಲ್ಲಿ ಕೈಕಟ್ಟಿಕೊಂಡು ನಿಲ್ಲುವುದು ಪದ್ಧತಿ. ಈ ವರ್ಷ ಕಾಗೆ ಬಹಳ ಸತಾಯಿಸಿತು. ಕೊನೆಗೊಂದು ಬಂದು ವಡೆ ಎತ್ತಿಕೊಂಡಾಗ ಮಾವನವರು ಕಣ್ಣು ಒರೆಸಿಕೊಂಡು, "ನೋಡೋ, ನಿಮ್ಮ ಮುತ್ತಾತ ಬಂದ್ರು" ಎಂದು ಮೊಮ್ಮಗನಿಗೆ ತೋರಿಸಿದ್ದರು. ನಮ್ಮ ನಡುಮನೆಯ ಗೋಡೆಯ ಮೇಲೆ ಆ ಮುತ್ತಾತನ ಫೋಟೋ ಇದೆ. ಕಪ್ಪು ಕೋಟು, ಕುತ್ತಿಗೆಯ ಸುತ್ತ ಬೂದು ಬಣ್ಣದ ಶಾಲು, ತುಸು ಓರೆಯಾದ ನೋಟ. ಊರ ಕಾಗೆಯನ್ನು ಒಮ್ಮೆ ಗಮನವಿಟ್ಟು ನೋಡಿದವರು ಹೋಲಿಕೆಯನ್ನು ಅಲ್ಲಗಳೆಯಲಾರರು.

ಸ್ನಾನ ಮುಗಿಸಿ ಮಾಳಿಗೆ ಹತ್ತಿದ ಅತ್ತೆಯವರಿಗೆ ಕಂಡದ್ದು ಹೀಗಿತ್ತು. ಮುತ್ತಾತನಿಗೆ ಹೆದರಿಕೆಯಾಗುತ್ತದೆಂದು ಕೊಡೆಯನ್ನು ಮಡಚಿ ಪಕ್ಕಕ್ಕೆ ಇಡಲಾಗಿತ್ತು. ಪಂಚೆಯ ಅರ್ಧ ಭಾಗ ಖಾಲಿಯಾಗಿತ್ತು. ಮಗ ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತು, ಅರೆ ಒಣಗಿದ ಸಂಡಿಗೆಯನ್ನು ಒಂದೊಂದಾಗಿ ಬಿಡಿಸಿ, ತಾನೊಂದು ತಿಂದು, ಬಂದವರಿಗೊಂದು ಹಾಕಿ, ಸಂಕೋಚ ಪಡಬೇಡಿ ಎಂಬಂತೆ ಉಪಚರಿಸುತ್ತಿದ್ದ. ಬಂದವರು ಒಬ್ಬರಲ್ಲ, ಮುತ್ತಾತ ತಮ್ಮ ಬಳಗವನ್ನೆಲ್ಲ ಕರೆತಂದಿದ್ದರು. ಅತ್ತೆಯವರ ಕೂಗಿಗೆ ನೆರೆಮನೆಯವರೂ ಮಾಳಿಗೆ ಹತ್ತಿದರು. ಕೋಲೆತ್ತಿಕೊಂಡು ಕಾಗೆಗಳ ಮೇಲೆ ನುಗ್ಗಿದ ಅಜ್ಜಿಗೆ ಅಡ್ಡ ನಿಂತು ಮಗ ಗಟ್ಟಿಯಾಗಿ ಅಳತೊಡಗಿದ. "ತಿಥಿ ದಿನ ಬಾ ಬಾ ಅಂತ ಕರೀತೀರಾ, ಇವತ್ತು ಹೊಡೀತೀರಾ" ಎಂಬುದು ಅವನ ಆಕ್ಷೇಪಣೆ. ಕೋಲು ಗಾಳಿಯಲ್ಲೇ ನಿಂತಿತು. ಮೆಟ್ಟಿಲ ಬಳಿ ನಿಂತಿದ್ದ ಮಾವನವರನ್ನು ಅತ್ತೆಯವರು ನೋಡಿದರು. ತಂದೆಯ ಮೇಲೆ ಕೋಲೆತ್ತಿದ್ದನ್ನು ಮಾವನವರು ಒಪ್ಪುವಂತಿರಲಿಲ್ಲ, ಸಂಡಿಗೆ ಹೋದದ್ದನ್ನು ಸಮರ್ಥಿಸುವಂತೆಯೂ ಇರಲಿಲ್ಲ. ಅವರು ಯಾವುದೋ ನಲ್ಲಿಯನ್ನು ನಿಲ್ಲಿಸಬೇಕೆಂದು ಕೆಳಗೆ ಇಳಿದು ಹೋದರು.

ಮರುದಿನಕ್ಕೆ ಮತ್ತೆ ಅಕ್ಕಿ ನೆನೆಯಿತು. ಈ ಸಲ ಅತ್ತೆಯವರು ಒಂದು ಹಿಡಿ ಹಸಿ ಹಿಟ್ಟನ್ನು ಮೊದಲೇ ಎಲೆಯಲ್ಲಿ ತೆಗೆದು ಗೋಡೆಯ ಮೇಲೆ ಇಡಿಸಿದರು, ಮುತ್ತಾತನ ಪಾಲು ಮುಂಚೆಯೇ ಸಂದಾಯವಾಗಿಬಿಡಲೆಂದು. ಮಗ ಒಲೆಯ ಪಕ್ಕ ಬಂದು ನಿಂತು, ಬಹಳ ಹೊತ್ತು ಯೋಚಿಸಿ ಕೇಳಿದ.

"ಅಜ್ಜಿ, ಮುತ್ತಾತ ಮಾತ್ರ ಬರ್ತಾರಲ್ಲ, ಮುತ್ತಜ್ಜಿ ಯಾಕೆ ಬರಲ್ಲ?"

ಅತ್ತೆಯವರು ಸೌಟು ಎತ್ತಿ, ಹಿಟ್ಟಿನ ಹದ ನೋಡಿ, ನಾಲಿಗೆಗೆ ಒಂದು ತೊಟ್ಟು ಹಚ್ಚಿಕೊಂಡರು. "ಬರೋದು ಬೇಡಪ್ಪ. ನಮ್ಮತ್ತೆ ಬಂದ್ರೆ ತಿನ್ನೋ ಮುಂಚೆನೇ ಉಪ್ಪು ಜಾಸ್ತಿ ಆಯ್ತು ಅಂತಾರೆ" ಎಂದವರು, ನನ್ನ ಕಡೆಗೆ ತಿರುಗಿ, "ಏನಮ್ಮ, ಇದಕ್ಕೆ ಇಷ್ಟೊಂದು ಉಪ್ಪು ಹಾಕಿದ್ದೀಯಲ್ಲ?" ಎಂದರು.