ಕಳೆದ ವಾರದ ಅಂಕ ನೋಡಿ ಬಿಡ್ ಹಾಕಬೇಡಿ

ಅಮೆರಿಕದ ಕಾಲೇಜು ಫ್ಯಾಂಟಸಿ ಫುಟ್‌ಬಾಲ್‌ನಲ್ಲಿ ನಿಜವಾದ ಆಟಗಾರರನ್ನು ಆರಿಸಿ ನಮ್ಮದೇ ತಂಡ ಕಟ್ಟುತ್ತೇವೆ, ಮೈದಾನದಲ್ಲಿ ಅವರು ಆಡಿದಂತೆ ನಮಗೆ ಅಂಕ. ಯಾರ ತಂಡದಲ್ಲೂ ಇಲ್ಲದ ಆಟಗಾರನನ್ನು ಬಜೆಟ್‌ನಿಂದ ಬಿಡ್ ಹಾಕಿ ಪಡೆಯುವುದೇ ವೇವರ್. ಸೀಸನ್ ಅರ್ಧಕ್ಕೆ ಬಂದಾಗ ವೇವರ್‌ನಲ್ಲಿ 'ಹಿಂದಿನ ಪಂದ್ಯದಲ್ಲಿ ಹೆಚ್ಚು ಅಂಕ ತಂದವನನ್ನೇ ಎತ್ತಿಕೊಳ್ಳಿ' ಎಂದು ನಾನು ಓದಿದ ಒಂದು ಲೇಖನ ಕೊಟ್ಟ ಸಲಹೆ ಈ ಆಟಕ್ಕೆ ಹೊಂದುವುದೇ ಇಲ್ಲ. 70 ಗಜ ಓಡಿ ಎದುರಾಳಿಯ ಗೋಲ್ ಗೆರೆ ಮುಟ್ಟುವ ಒಂದೇ ಟಚ್‌ಡೌನ್ 13 ಅಂಕ ಕೊಡುತ್ತದೆ (ಸಾಮಾನ್ಯವಾಗಿ ಓಟದ 10 ಗಜಕ್ಕೆ 1, ಟಚ್‌ಡೌನ್‌ಗೆ 6), ಮುಂದಿನ ವಾರ ಅದೇ ಆಟಗಾರನಿಂದ 2 ಅಂಕವೂ ಬರದಿರಬಹುದು. ನೋಡಬೇಕಾದ್ದು ಚೆಂಡು ಎಷ್ಟು ಸಲ ಅವನ ಕೈಗೆ ಬಂತು ಎಂಬುದನ್ನು. ಅದೂ ಪಂದ್ಯ ಇನ್ನೂ ಸಮಬಲದಲ್ಲಿದ್ದ ಮೊದಲರ್ಧದಲ್ಲಿ. ತಂಡ 35 ಅಂಕ ಮುಂದಿರುವಾಗ ಕೊನೆಯ ಕ್ವಾರ್ಟರ್‌ನಲ್ಲಿ ಇಳಿಯುವ ಮೂರನೇ ಆಯ್ಕೆಯ ರನ್ನಿಂಗ್ ಬ್ಯಾಕ್‌ಗೆ (ಚೆಂಡು ಹಿಡಿದು ಓಡುವವನು) ಬಜೆಟ್ ಸುರಿಯುವುದು ದೊಡ್ಡ ತಪ್ಪು.

ರೆಡ್‌ಶರ್ಟ್, ಅಂದರೆ ಸೀಸನ್‌ನ ಹೆಚ್ಚಿನ ಪಂದ್ಯಗಳಲ್ಲಿ ಆಟಗಾರನನ್ನು ಕೂರಿಸಿ ಅವನ ಕಾಲೇಜು ಆಟದ ಅರ್ಹತೆಯ ಒಂದು ವರ್ಷ ಉಳಿಸುವ ವಿಷಯವನ್ನು ಲೇಖನ ಮುಟ್ಟಿಯೇ ಇಲ್ಲ, ನನಗೆ ಅದೇ ಬೇಸರ. 2018ರಲ್ಲಿ ಬಂದ ನಿಯಮದಂತೆ ಹೊಸಬ 4 ಪಂದ್ಯ ಮೀರದಿದ್ದರೆ ಅವನ ಅರ್ಹತೆಯ ಒಂದು ವರ್ಷ ಉಳಿಯುತ್ತದೆ. ಹಾಗಾಗಿ ಅಕ್ಟೋಬರ್‌ನಲ್ಲಿ ಮಿಂಚಿದ ಫ್ರೆಶ್‌ಮನ್ (ಮೊದಲ ವರ್ಷದವ) ಈಗಾಗಲೇ 3 ಪಂದ್ಯ ಆಡಿದ್ದರೆ, ಕೋಚ್ ಅವನನ್ನು ನವೆಂಬರ್ ಪೂರ್ತಿ ಕೂರಿಸಬಹುದು. ಬಿಡ್ ಹಾಕುವ ಮುನ್ನ ಆಡಿದ ಪಂದ್ಯಗಳನ್ನು ಎಣಿಸಿ. 4 ದಾಟಿದ್ದರೆ ಈ ಚಿಂತೆಯಿಲ್ಲ.

ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವನು) ಬೇಕಿದ್ದರೆ ಓಡುವವನೇ ಸರಿ, ಆದರೆ ಅವನ ಮುಂದೆ ನಿಂತು ಅವನನ್ನು ಕಾಯುವ ಲೈನ್ ಗಟ್ಟಿಯಿದೆಯೇ ನೋಡಿ. ಚೆಂಡು ಎಸೆಯುವ ಮುನ್ನವೇ ಎದುರಾಳಿ ಅವನನ್ನು ಹಿಂದೆ ಕೆಡವಿದರೆ ಅದು ಸ್ಯಾಕ್, ಕಾಲೇಜಿನಲ್ಲಿ ಹಾಗೆ ಕಳೆದುಕೊಂಡ ಗಜಗಳು ಅವನ ಓಟದ ಲೆಕ್ಕದಿಂದಲೇ ಕಳೆಯುತ್ತವೆ. 60 ಗಜ ಓಡಿ, ಸ್ಯಾಕ್‌ಗಳಲ್ಲಿ 30 ಕಳೆದುಕೊಂಡರೆ ನಿಮಗೆ ಸಿಗುವುದು 3 ಅಂಕ ಮಾತ್ರ.