ಶಾರ್ಟ್ ಸರ್ಕ್ಯೂಟನ ಗಡಿಪಾರಿಗೆ ಒಂದು ವಿನಂತಿ

ರಾಯಚೂರಿನ ಸುತ್ತಮುತ್ತ ಯಾವ ಮನೆಗೆ ಬೆಂಕಿ ಬಿದ್ದರೂ ಆರೋಪಿ ಒಬ್ಬನೇ. ಅವನ ಹೆಸರು ಶಾರ್ಟ್ ಸರ್ಕ್ಯೂಟ್. ಅಗ್ನಿಶಾಮಕ ವಾಹನ ಹಿಂತಿರುಗುವ ಮೊದಲೇ, ಪಂಚನಾಮೆಗೆ ಪಂಚರು ಸಿಗುವ ಮೊದಲೇ, "ಶಾರ್ಟ್ ಸರ್ಕ್ಯೂಟ್ ಕಾರಣ ಎನ್ನಲಾಗಿದೆ" ಎಂಬ ಸಾಲು ಸಿದ್ಧವಾಗಿರುತ್ತದೆ. ಹಾಗೆ ಎಂದವರು ಯಾರೆಂದು ಕೇಳುವುದು ಶಿಷ್ಟಾಚಾರವಲ್ಲ. ಇಷ್ಟು ಮನೆ ಸುಟ್ಟವನಿಗೆ ತಂದೆ ತಾಯಿ ಇದ್ದಾರೆಯೇ ಎಂದೂ ಯಾರೂ ವಿಚಾರಿಸಿದಂತಿಲ್ಲ.

ಇದ್ದಾರೆ. ನಮ್ಮ ಬಜಾರಿನ ತಳ್ಳುಗಾಡಿಯಲ್ಲಿ ಸಿಗುವ ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡೊಂದರ ಸ್ಕ್ರೂ ಬಿಚ್ಚಿದರೆ ಅವನ ವಂಶಾವಳಿಯೇ ಕಾಣುತ್ತದೆ: ಬೆರಳಿಂದ ಒತ್ತಿದರೆ ಬಾಗುವ ತಗಡಿನ ಪಟ್ಟಿ, ಅರ್ಧ ಬಿಟ್ಟ ಬೆಸುಗೆ, ದಪ್ಪನೆಯ ಪ್ಲಾಸ್ಟಿಕ್ ಹೊದಿಕೆಯೊಳಗೆ ಕೂದಲಿನಂಥ ನಾಲ್ಕು ಎಳೆ, ಅರ್ಥ್ ಪಿನ್ನಿಗೆ ತೂತಿದೆ, ಅದರ ಹಿಂದೆ ವಯರೇ ಇಲ್ಲ. ಮೇಲೆ ಮಾತ್ರ "16 ಆಂಪ್" ಎಂಬ ಉಬ್ಬಕ್ಷರ, ಅಂದರೆ ಅಷ್ಟು ಆಂಪಿಯರ್ ಕರೆಂಟು ಹೊರಬಲ್ಲೆನೆಂಬ ಜಂಬ. ಇದಕ್ಕೆ ಕೂಲರು, ಫ್ರಿಜ್ಜು, ಜೊತೆಗೆ 2000 ವ್ಯಾಟಿನ ಇಂಡಕ್ಷನ್ ಒಲೆ ಸಿಕ್ಕಿಸಿದರೆ ಒಲೆಯೊಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. ಉಬ್ಬಕ್ಷರ ಏನೇ ಹೇಳಲಿ, ಭಾರ ಹೊರಬೇಕಾದದ್ದು ಆ ಕೂದಲಿನಂಥ ನಾಲ್ಕು ಎಳೆ. ಕರೆಂಟು ಎರಡು ಪಟ್ಟಾದರೆ ವಯರಿನಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟು. ಸಾಮಾನ್ಯ ಪಿವಿಸಿ ಹೊದಿಕೆ ತಡೆಯುವುದು 70 ಡಿಗ್ರಿಯವರೆಗೆ. ಗಾಳಿಯೇ 40 ದಾಟುವ ನಮ್ಮ ಬೇಸಿಗೆಯಲ್ಲಿ ಆ ಹೊದಿಕೆ ಕರಗಿ ಎರಡು ವಯರು ಒಂದಕ್ಕೊಂದು ತಗುಲಿದಾಗ ಹುಟ್ಟುವವನೇ ನಮ್ಮ ಆರೋಪಿ. ಅಂದರೆ, ಕೃತ್ಯದ ಕೊನೆಗೆ ಹುಟ್ಟಿದ ಕೂಸನ್ನು ಒಂದನೇ ಆರೋಪಿಯಾಗಿಸಿ, ಹೆತ್ತವರನ್ನು ಸಾಕ್ಷಿಯಾಗಿಯೂ ಕರೆಯದೆ ಕಡತ ಮುಚ್ಚಲಾಗುತ್ತದೆ. ಇವನನ್ನು ತಡೆಯಲು ಫ್ಯೂಸ್ ಎಂಬ ಕಾವಲುಗಾರನಿದ್ದ. ಪದೇ ಪದೇ ಹಾರಿ ಧಾರಾವಾಹಿಗೆ ಅಡ್ಡಿಪಡಿಸಿದ್ದರಿಂದ ಅವನ ಜಾಗಕ್ಕೆ ದಪ್ಪ ತಂತಿ ಸುತ್ತಿ, ನಾವೇ ಅವನನ್ನು ಕಡ್ಡಾಯ ನಿವೃತ್ತಿಗೆ ಕಳಿಸಿದ್ದೇವೆ.

ಕಾನೂನಿಗೇನೂ ಬರವಿಲ್ಲ. ವಯರು, ಸ್ವಿಚ್ಚು, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಹೀಟರುಗಳನ್ನು ಐಎಸ್‌ಐ ಗುರುತಿಲ್ಲದೆ ಮಾರುವಂತಿಲ್ಲವೆಂದು ಕೇಂದ್ರ ಸರ್ಕಾರ 2003ರಲ್ಲಿಯೇ ಆದೇಶಿಸಿದೆ. ಗುರುತಿನ ಮೇಲೆ ಮಾನಕದ ಸಂಖ್ಯೆ, ಅಂದರೆ ಮನೆಯ ವಯರಿಗೆ ಐಎಸ್ 694, ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಅದನ್ನು ಈ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ತಯಾರಕರ ವಿವರ ಬರಬೇಕು. ಇಷ್ಟನ್ನು ಒಂದು ಅಂಗಡಿಯಲ್ಲಿ ವಿವರಿಸಿದಾಗ ಮಾಲೀಕರು ತಾಳ್ಮೆಯಿಂದ ಕೇಳಿ, "ಐಎಸ್‌ಐ ಬೇಕಂದ್ರ ಅದ ರೀ, ರೊಕ್ಕ ಡಬಲ್ ಆಗ್ತದ. ಇದೂ ಅದೇ ಕೆಲಸ ಮಾಡ್ತದ. ಕರೆಂಟಿಗೇನು ಗುರ್ತು ಓದಾಕ ಬರ್ತದೇನ್ರೀ?" ಎಂದರು. ಕರೆಂಟಿಗೆ ಬಾರದಿರಬಹುದು, ತಪಾಸಣೆಗೆ ಬರಬೇಕಾದವರಿಗೂ ಬಾರದೆಂಬ ಭರವಸೆ ಅವರ ಮುಖದಲ್ಲಿತ್ತು.

ದೋಷವಿರುವ ಸಾಮಾನಿನಿಂದ ಹಾನಿಯಾದರೆ ತಯಾರಕರಿಂದ, ಕೆಲವು ಸಂದರ್ಭಗಳಲ್ಲಿ ಮಾರಿದವರಿಂದಲೂ, ಪರಿಹಾರ ಕೇಳಬಹುದೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕೇಳುವವರ ಕೈಯಲ್ಲಿ ಬಿಲ್ಲು ಮತ್ತು ಸುಟ್ಟ ಬೋರ್ಡು ಇದ್ದರೆ ಒಳ್ಳೆಯದು. ಬಿಲ್ಲನ್ನು ಅಂಗಡಿಯವರು ಕೊಟ್ಟಿರುವುದಿಲ್ಲ. ಬೋರ್ಡನ್ನು ಎತ್ತಿಡಿರೆಂದು ಯಾರೂ ಹೇಳದ್ದರಿಂದ ಅದು ಬೂದಿಯೊಡನೆ ತಿಪ್ಪೆ ಸೇರಿರುತ್ತದೆ. ಉಳಿಯುವುದು ವರದಿಯೊಂದೇ, ಅದರಲ್ಲಿ ಮತ್ತೆ ಅವನ ಹೆಸರೇ.

ಆದ್ದರಿಂದ ಜಿಲ್ಲಾಡಳಿತದಲ್ಲಿ ನನ್ನ ವಿನಂತಿಯಿಷ್ಟೆ. ಕರೆಂಟು ನಮ್ಮ ಶಕ್ತಿನಗರದಲ್ಲಿಯೇ ತಯಾರಾಗುವುದರಿಂದ ಆರೋಪಿಯೂ ಸ್ಥಳೀಯನೆಂದು ಪರಿಗಣಿಸಿ, ಅವನನ್ನು ಗಡಿಪಾರು ಮಾಡಿ, ಪೊಲೀಸ್ ಬೆಂಗಾವಲಿನಲ್ಲಿ ಕೃಷ್ಣೆಯ ಸೇತುವೆ ದಾಟಿಸಿ ತೆಲಂಗಾಣಕ್ಕೆ ಬಿಟ್ಟುಬರಬೇಕು. ಅಲ್ಲಿ ಅವನಿಗೆ ವಸತಿಯ ತೊಂದರೆಯಾಗದು. ಅಂಥವೇ ಬೋರ್ಡುಗಳು ಅಲ್ಲಿಯೂ ಇವೆ. ಹತ್ತು ರೂಪಾಯಿ ಕಡಿಮೆಯೆಂದು ನಮ್ಮವರೇ ಅವನ್ನು ಕೊಂಡು ತರುವುದರಿಂದ, ವಾಪಸು ಬರಲು ಅವನಿಗೆ ಬಸ್ ಚಾರ್ಜೂ ಬೇಕಾಗದು.